ಎಲೆಯಡಿಯ ಕಪ್ಪು ತೊಟ್ಟಿಲು

ಲೋಕದ ಮೊಟ್ಟಮೊದಲ ಕಣಜದ ಹುಳ ದಣಿವಾರಿಸಿಕೊಂಡದ್ದು ಪಿಳ್ಳಪ್ಪ ತಾತನ ಮೀಸೆಯ ಮೇಲೆ. ಹಾಗಂತ ತಾತನೇ ಹೇಳುತ್ತಿದ್ದ. ಅಲ್ಲ ಅನ್ನೋದಕ್ಕೆ ಅವನ ಓರಗೆಯವರು ಯಾರೂ ಉಳಿದಿರಲಿಲ್ಲ.

ಅವತ್ತು ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನೊಳಗೆ ಮೊಮ್ಮಗಳು ಚಂಪಾ ಟೊಮ್ಯಾಟೊ ಎಲೆ ಕೀಳುತ್ತಿದ್ದಳು. ಎಲೆಯಡಿ ಬಿಳಿನೊಣದ ಮರಿಗಳು ಅಂಟಿದ್ದವು. ಕೆಲವು ಕಪ್ಪಗಾಗಿದ್ದವು. ಏನೋ ರೋಗ ಅಂದುಕೊಂಡು ಅಮ್ಮ ಕಪ್ಪು ಚುಕ್ಕೆಯ ಎಲೆಗಳನ್ನೇ ಆರಿಸಿ ಸುಡಲು ಹೇಳಿದ್ದಳು.

"ಸುಡಬೇಡ ಕಣೇ! ಅವನ್ನು ಸುಟ್ಟರೆ ಇಡೀ ಬೆಳೆ ಹೋಯ್ತು ಅಂತಲೇ ತಿಳಿ. ನಿಮ್ಮಮ್ಮನಿಗೆ ನಾನು ಹೇಳ್ತೀನಿ. ಕೂತ್ಕೋ," ಅಂದ ತಾತ. ಚಂಪಾ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಳು. ತಾತ ಶುರುಮಾಡಿದ.

ಆಗ ಲೋಕ ಇನ್ನೂ ಹಸಿಹಸಿ. ಆಕಾಶ ಸೂರಿನಷ್ಟು ಕೆಳಗಿತ್ತು. ಬಿಳಿನೊಣ ಬಂದು, "ಟೊಮ್ಯಾಟೊ ತಾಯಿ, ಒಂಚೂರು ನೆರಳು ಕೊಡು," ಅಂದಿತು. ಗಿಡ ಕೊಟ್ಟಿತು.

ನೊಣ ರಸ ಹೀರಿತು. ಮರಿಗಳು ರಸ ಹೀರಿದವು. ಮರಿಯ ಮರಿಗಳೂ ಹೀರಿದವು. ಗಿಡ ಹಳದಿಗೆ ತಿರುಗಿತು.

"ಗಾಳಿಯಣ್ಣ, ಇವನ್ನು ಹಾರಿಸಿಕೊಂಡು ಹೋಗೋ."

"ಆಕಾಶ ಅಡ್ಡ ಇದೆ ತಾಯಿ, ಒಳಗೆ ಬರಲಾರೆ."

"ಮಳೆಯಕ್ಕ, ಇವನ್ನು ತೊಳೆದು ಹಾಕೇ."

"ಆಕಾಶ ಅಡ್ಡ ಇದೆ ತಾಯಿ, ನಾನೂ ಬರಲಾರೆ."

ಕೊನೆಗೆ ಒಂದು ಕಣಜದ ಹುಳ ನುಸುಳಿ ಬಂತು. ಎಳ್ಳಿಗಿಂತ ಸಣ್ಣದು, ತುಂಬು ಬಸುರಿ.

"ಮೊಟ್ಟೆ ಇಡಲು ನನಗೆಲ್ಲೂ ತಾವಿಲ್ಲ. ಈ ಮರಿಗಳ ಮೈಯೊಳಗೆ ಇಡಲಾ? ನನ್ನ ಕೂಸು ಎದ್ದರೆ ಆ ಮರಿ ಮತ್ತೆ ಏಳೋದಿಲ್ಲ. ಮೊದಲೇ ಹೇಳಿದ್ದೀನಿ."

ಗಿಡ ಎಲೆ ಮಗುಚಿ ಮರಿಗಳನ್ನು ನೋಡಿತು.

"ಅವೂ ನನ್ನ ರಸ ಕುಡಿದು ಬೆಳೆದ ಕೂಸುಗಳೇ," ಅಂದಿತು. "ಆದರೆ ನಾನು ಬದುಕಬೇಕು. ಇಡು. ಕದ್ದುಮುಚ್ಚಿ ಮಾತ್ರ ಇಡಬೇಡ. ನನಗಾಗಿ ಸತ್ತದ್ದು ಯಾವುದು ಅಂತ ನನಗೆ ಕಾಣಬೇಕು."

ಕಣಜ ತಲೆ ಬಾಗಿಸಿತು. ತಾನು ಮೊಟ್ಟೆಯಿಟ್ಟ ಒಂದೊಂದು ಮರಿಗೂ ಕಪ್ಪು ಹೊದಿಸಿತು.

ಅದಕ್ಕೇ ಇವತ್ತಿಗೂ ಟೊಮ್ಯಾಟೊ ಎಲೆ ಮಗುಚಿ ನೋಡಿದರೆ, ಕಣಜದ ಕೂಸು ಮಲಗಿರುವ ಬಿಳಿನೊಣದ ಮರಿ ಕಪ್ಪಗೆ ಕಾಣುತ್ತದೆ.

ಚಂಪಾ ಎದ್ದಳು. ಬುಟ್ಟಿಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಗಿಡದ ಬುಡದಲ್ಲಿ ಹರಡಿದಳು. ಆಮೇಲೆ ತಿರುಗಿ ನೋಡಿದಳು.

"ತಾತ, ಎಳ್ಳಿಗಿಂತ ಸಣ್ಣದು ಅಂದೆಯಲ್ಲ. ಅನ್ನದಲ್ಲಿರೋ ಕಲ್ಲೇ ನಿನಗೆ ಕಾಣಲ್ಲ. ಮೀಸೆ ಮೇಲೆ ಕೂತದ್ದು ಹೆಂಗೆ ಕಾಣ್ತು?"

ತಾತ ಹೆಗಲು ಕುಣಿಸಿದ.

"ನನಗೆಲ್ಲಿ ಕಾಣ್ತು? ಅದರ ಕಣ್ಣಿಗೆ ನಾನು ಕಂಡೆ."