ಬಾವಿಯ ಗಂಟೆ

"ಬುದ್ಧಿ, ಹೊಸ ಕಾನೂನು ಬಂದ ಮೇಲೂ ಕೆಲಸಗಾರನಿಗೆ ಭಯ ಉಳಿಯುತ್ತದೆಯೇ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಮಠದ ಹಿತ್ತಿಲಲ್ಲಿ ಬಾವಿ ತೋಡುವ ಕೆಲಸ ನಡೆದಿತ್ತು. ಅದರ ಉಸ್ತುವಾರಿ ಅವನದೇ. ಅಪಾಯವಾದರೆ ಕೆಳಗಿನವನು ಬಾರಿಸಲೆಂದು, ಕಾನೂನಿನಂತೆ ಬಾವಿಯ ಬಾಯಲ್ಲಿ ಗಂಟೆ ಕಟ್ಟಿಸಿದ್ದ. "ಇದುವರೆಗೆ ಒಬ್ಬನೂ ಅದನ್ನು ಬಾರಿಸಿಲ್ಲ" ಎಂದು ಹೆಮ್ಮೆಯಿಂದ ಸೇರಿಸಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಯಜಮಾನನಿದ್ದ. ಬಾವಿ ತೋಡಿಸುವುದು ಅವನ ಕಸುಬು. ಆಳಕ್ಕೆ ಇಳಿಯಲು ಅವನಲ್ಲಿ ಒಬ್ಬ ಕೆಲಸಗಾರನಿದ್ದ. ಹಿಂದೆಲ್ಲ ಒಳಗೆ ಉಸಿರು ಕಟ್ಟಿದರೂ ಮಣ್ಣು ಕುಸಿದರೂ ಯಜಮಾನ ಹೇಳುವ ತನಕ ಮೇಲೆ ಬರುವಂತಿರಲಿಲ್ಲ. ಬಂದವನಿಗೆ ಮರುದಿನ ಕೆಲಸವಿಲ್ಲ. ಇದು ರಾಜನ ಕಿವಿಗೆ ಬಿತ್ತು. ಅವನು ಹೊಸ ಕಾನೂನು ಮಾಡಿದ. ಪ್ರತಿ ಬಾವಿಗೂ ಗಂಟೆ ಕಟ್ಟಬೇಕು, ಅದರ ಹಗ್ಗ ತಳದವರೆಗೆ ಇಳಿದಿರಬೇಕು. ಕೆಳಗಿನವನು ಹೆದರಿ ಹಗ್ಗ ಎಳೆದರೆ ತಕ್ಷಣ ಅವನನ್ನು ಮೇಲೆತ್ತಬೇಕು. ಎಳೆದನೆಂದು ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ. ಒಳ್ಳೆಯ ಕಾನೂನು. ಅದರಲ್ಲಿ ಹುಳುಕು ಹುಡುಕಲು ನನ್ನಿಂದಲೂ ಆಗದು.

ಯಜಮಾನನಿಗೆ ದಿಗಿಲಾಯಿತು. ಗಂಟೆ ಪದೇ ಪದೇ ಕೇಳಿಸಿದರೆ ರಾಜನ ಕಡೆಯವರು ಬಂದು ಕೆಲಸವನ್ನೇ ನಿಲ್ಲಿಸಿಯಾರು ಎಂಬ ದಿಗಿಲು. ಮೊದಲ ದಿನವೇ ಮಣ್ಣಿನ ಬುಟ್ಟಿ ಹಗ್ಗಕ್ಕೆ ತಾಗಿ ಗಂಟೆ ಹೊಡೆದುಕೊಂಡಿತು. ಯಜಮಾನ ಓಡಿ ಬಂದು ಕೆಲಸಗಾರನನ್ನು ಮೇಲೆತ್ತಿಸಿದ. ಬೈಯಲಿಲ್ಲ.

"ಗಂಟೆ ಹೊಡೆಯೋದು ನಿನ್ನ ಹಕ್ಕು ಕಣಪ್ಪ, ನಾನು ಬೇಡ ಅನ್ನಲ್ಲ. ಮುಂದಿನ ಬಾವಿಗೆ ಯಾರನ್ನ ಕರೀಬೇಕು ಅನ್ನೋದು ಮಾತ್ರ ನನಗೆ ಬಿಟ್ಟದ್ದು."

"ಇನ್ನು ಸದ್ದಾಗದ ಹಾಗೆ ನೋಡ್ಕೋತೀನಿ ಯಜಮಾನ್ರೆ" ಎಂದ ಕೆಲಸಗಾರ.

ಆಡಿದ ಮಾತಿಗೆ ತಪ್ಪುವವನಲ್ಲ ಅವನು. ತಲೆಗೆ ಸುತ್ತಿದ್ದ ಬಟ್ಟೆಯ ಅಂಚು ಹರಿದು, ಗಂಟೆಯೊಳಗಿನ ನಾಲಿಗೆಗೆ ಬಿಗಿಯಾಗಿ ಸುತ್ತಿದ. ನಿಜವಾದ ಅಪಾಯ ಬಂದಾಗ ಕೂಗಿಕೊಂಡರಾಯಿತು ಎಂದುಕೊಂಡ. ಗಂಟೆ ಸುಮ್ಮನಾಯಿತು. ಯಜಮಾನನಿಗೂ ನೆಮ್ಮದಿ. ಅದು ಏಕೆ ಸುಮ್ಮನಾಯಿತೆಂದು ಅವನು ಕೇಳಲೂ ಇಲ್ಲ, ಹತ್ತಿರ ಹೋಗಿ ನೋಡಲೂ ಇಲ್ಲ.

ಒಂದು ಮಧ್ಯಾಹ್ನ ಬುಟ್ಟಿ ಎಳೆಯುವವರು ಊಟಕ್ಕೆ ಹೋಗಿದ್ದರು. ಯಜಮಾನ ಬಾವಿಗೆ ಬೆನ್ನು ಹಾಕಿ ನೆರಳಲ್ಲಿ ಕುಳಿತಿದ್ದ. ತಳದಲ್ಲಿ ಕೆಟ್ಟ ಗಾಳಿ ತುಂಬಿತು. ಕೆಲಸಗಾರನಿಗೆ ಕೂಗಲು ಉಸಿರೇ ಇರಲಿಲ್ಲ. ಹಗ್ಗ ಎಳೆದ. ಮತ್ತೆ ಎಳೆದ. ಯಜಮಾನನ ಬೆನ್ನ ಹಿಂದೆ ಗಂಟೆ ಸದ್ದಿಲ್ಲದೆ ತೂಗಾಡಿತು. ಇವತ್ತೂ ಗಂಟೆ ಹೊಡೆಯಲಿಲ್ಲವಲ್ಲ ಎಂದು ಅವನು ಸಮಾಧಾನದಿಂದಿದ್ದ.

ಊಟ ಮುಗಿಸಿ ಬಂದವರು ಹೆಣವನ್ನು ಮೇಲೆತ್ತಿದರು. ಹಗ್ಗದ ತುದಿ ಅವನ ಮುಷ್ಟಿಯಲ್ಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಹಿತ್ತಿಲಿನಿಂದ ಹಾರೆಯ ಸದ್ದು ಕೇಳುತ್ತಿತ್ತು.

"ಆದರೂ ಬುದ್ಧಿ, ಯಜಮಾನ ಕಾನೂನು ಮುರಿಯಲಿಲ್ಲವಲ್ಲ" ಎಂದ ಶಿಷ್ಯ ಮೆಲ್ಲಗೆ.

"ಇಲ್ಲ, ಮುರಿಯಲಿಲ್ಲ; ನೀನೀಗ ಎದ್ದು ಹೋಗಿ, ನಮ್ಮ ಗಂಟೆಯ ನಾಲಿಗೆಯನ್ನು ಮುಟ್ಟಿ ನೋಡಿ ಬಾ" ಎಂದರು ಗುರುಗಳು.