ದೇಚಮ್ಮನ ತೋಳು

ದೇಚಮ್ಮನ ರೈಫಲ್ ಆರು ಕಿಲೋ ಭಾರವಿತ್ತು. ಮರಳಿನ ಚೀಲದ ಮೇಲಿಟ್ಟರೆ ಅವಳ ಗುರಿ ತಪ್ಪುತ್ತಿರಲಿಲ್ಲ. ಆದರೆ ಆಸರೆಯಿಲ್ಲದೆ ನಿಂತು ಹೊಡೆಯುವ ಸ್ಪರ್ಧೆಯಲ್ಲಿ ಕೈ ನಡುಗಿ ಸೋತಿದ್ದಳು. ಅಂದಿನಿಂದ ದಿನವೂ ಬೆಳಿಗ್ಗೆ ಗುಂಡು ತುಂಬದ ರೈಫಲನ್ನು ಎತ್ತಿ ಹಿಡಿದು ನಿಲ್ಲತೊಡಗಿದಳು.

“ಹತ್ತು ಎಣಿಸುವಷ್ಟರಲ್ಲಿ ನಡುಗುತ್ತಾಳೆ. ಈ ತೋಳು ನನ್ನನ್ನು ಹೊರಲಾರದು” ಎಂದಿತು ರೈಫಲ್.

ಚೀಲ ಹೇಳಿತು: “ನಾನು ಅಲುಗದಿರುವುದು ನನ್ನ ಹೆಚ್ಚುಗಾರಿಕೆಯಲ್ಲ, ಮರಳಿನ ಗುಣ. ಅವಳು ನಡುಗಿದರೂ ನಾಳೆ ಮತ್ತೆ ಎತ್ತುತ್ತಾಳಲ್ಲ, ಅದನ್ನು ನೋಡು.”

ವರ್ಷ ಕಳೆಯಿತು. ಸ್ಪರ್ಧೆಯಲ್ಲಿ ದೇಚಮ್ಮ ನಿಂತೇ ಹೊಡೆದಳು. ಗುರಿಯಾಗಿ ಕಟ್ಟಿದ್ದ ದೂರದ ತೆಂಗಿನಕಾಯಿ ಹೋಳಾಯಿತು.

ಮನೆಗೆ ಬಂದ ರೈಫಲ್ ಚೀಲಕ್ಕೆ ಹೇಳಿತು: “ನಿನ್ನ ಮೇಲೇ ಒರಗಿದ್ದೇನೆ ಅಂದುಕೊಂಡಿದ್ದೆ ಅಣ್ಣಾ. ನಾಡಿ ಬಡಿಯುವುದು ಕೇಳಿಸಿದಾಗಲೇ ಅದು ಅವಳ ತೋಳೆಂದು ಗೊತ್ತಾದದ್ದು.”