ಕನಶಿ ಎಂಬ ಮಾತು

“ಗುರುಗಳೇ, ಹಳೆಯ ಹಾಡುಗಳಲ್ಲಿ ‘ಕನಶಿ’ ಎಂಬ ಮಾತು ಬರುತ್ತದೆ. ಒಂದು ಕಡೆ ಅದಕ್ಕೆ ದುಃಖವೆಂದು ಅರ್ಥ ಹೇಳುತ್ತಾರೆ, ಇನ್ನೊಂದು ಕಡೆ ಅಕ್ಕರೆಯೆಂದು. ಎರಡರಲ್ಲಿ ನಿಜವಾದದ್ದು ಯಾವುದು?”

ಜಪಾನು ದೇಶದ ಒಂದು ಮಠದಲ್ಲಿ ಶಿಷ್ಯನೊಬ್ಬ ಹೀಗೆ ಕೇಳಿದ.

“ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊರಗೆ ಹಾಕುವ ಯೋಚನೆಯೇನಪ್ಪ?” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಉತ್ತರದ ಬಂದರಿನ ನಾವಿಕನೊಬ್ಬನ ದೋಣಿ ದಕ್ಷಿಣದ ದ್ವೀಪವೊಂದರ ಬಳಿ ಬಂಡೆಗೆ ತಾಗಿ ಒಡೆಯಿತು. ದ್ವೀಪದವರು ಅವನನ್ನು ಉಳಿಸಿಕೊಂಡರು. ದೋಣಿಗೆ ಹೊಸ ಹಲಗೆ ಕೂಡಿಸುವುದು ತಡವಾಯಿತು. ಅಷ್ಟರಲ್ಲಿ ಬಾಳೆನಾರಿನ ಬಟ್ಟೆ ನೇಯುವ ಹೆಣ್ಣೊಬ್ಬಳು ಅವನಿಗೆ ಮನಸ್ಸು ಕೊಟ್ಟಳು. ಅವನು ಅವಳನ್ನು ಮದುವೆಯಾಗಿ ಅಲ್ಲಿಯೇ ಸಂಸಾರ ಹೂಡಿದ.

ಅವಳಲ್ಲಿ ಅವನಿಗೆ ಯಾವ ಕೊರತೆಯೂ ಕಾಣಲಿಲ್ಲ. ಆದರೆ ಅವನು ಊಟಕ್ಕೆ ಕುಳಿತಾಗ ಅವಳು ಅವನ ಮುಖವನ್ನೇ ನೋಡುತ್ತಾ ‘ಕನಶಿ’ ಎನ್ನುವಳು. ನೂಲು ಸುತ್ತುತ್ತಾ ತಲೆಯೆತ್ತಿ ಅವನನ್ನು ಕಂಡರೂ ಅದೇ ಮಾತು. ಅವನ ಊರಿನಲ್ಲಿ ಅದು ಸಾವಿನ ಮನೆಯಲ್ಲಿ ಆಡುವ ಮಾತು. ಕೇಳಿದಾಗಲೆಲ್ಲ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ.

ಒಂದು ದಿನ ಕೇಳಿಯೇಬಿಟ್ಟ. “ಹಾಗನ್ನುತ್ತೀಯಲ್ಲ, ಅದಕ್ಕೆ ಕಾರಣ ನಾನೇ ಏನು?”

“ನೀನಲ್ಲದೆ ಆ ಗೂಟದ ಮೇಲಿನ ಕಾಗೆಯೇ?” ಎಂದು ಅವಳು ನಕ್ಕಳು.

ದುಃಖ ಮುಚ್ಚಿಡಲು ನಗುತ್ತಾಳೆ ಎಂದು ಅವನು ತಿಳಿದ. ತನ್ನನ್ನು ಕಟ್ಟಿಕೊಂಡು ಈ ಹೆಣ್ಣು ಸುಖಪಡಲಿಲ್ಲ. ಬಿಟ್ಟುಹೋಗುವುದೇ ತಾನು ಅವಳಿಗೆ ಮಾಡಬಹುದಾದ ಉಪಕಾರ ಎಂದುಕೊಂಡ. ದೋಣಿ ಸಿದ್ಧವಾದ ದಿನ ದಡದಲ್ಲಿ ಅವಳು ಅವನ ತೋಳು ಹಿಡಿದು ಮತ್ತೆ ಅದೇ ಮಾತು ಹೇಳಿದಳು.

“ಇನ್ನು ಮೇಲೆ ನಿನಗೆ ಆ ಮಾತು ಬೇಕಾಗುವುದಿಲ್ಲ,” ಎಂದು ಅವನು ಮೆಲ್ಲನೆ ಅವಳ ಕೈ ಬಿಡಿಸಿದ.

ವರ್ಷಗಳು ಕಳೆದವು. ಅವನು ಬೇರೆ ಮದುವೆಯಾಗಲಿಲ್ಲ. ಅವಳು ನೇಯ್ದುಕೊಟ್ಟ ನಿಲುವಂಗಿ ಹರಿದರೂ ಬಿಸಾಡಲಿಲ್ಲ. ಒಮ್ಮೆ ದಕ್ಷಿಣದಿಂದ ಬಂದ ದೋಣಿಯಿಂದ ತಾಯಿಯೊಬ್ಬಳು ಕೂಸನ್ನೆತ್ತಿಕೊಂಡು ಅವನ ಬಂದರಿನಲ್ಲಿ ಇಳಿದಳು. ಕೂಸಿನ ಹಣೆಗೆ ಹಣೆ ತಾಗಿಸಿ ‘ಕನಶಿ, ಕನಶಿ’ ಎನ್ನುತ್ತಿದ್ದಳು.

“ಮಗುವಿಗೆ ಏನಾಗಿದೆ ತಾಯಿ? ಕಾಯಿಲೆಯೇ?” ಎಂದು ನಾವಿಕ ಕೇಳಿದ.

“ಬಿಡ್ತು ಅನ್ನಿ! ಮುದ್ದು ಉಕ್ಕಿಬಂದು ಹೇಳಿದರೆ ಕಾಯಿಲೆ ಅನ್ನುತ್ತೀರಲ್ಲ! ನಮ್ಮ ಕಡೆ ಪ್ರಾಣಕ್ಕೆ ಪ್ರಾಣವಾದವರಿಗೆ ಮಾತ್ರ ಈ ಮಾತು.”

ನಾವಿಕ ತನ್ನ ದೋಣಿಯ ಹಗ್ಗ ಬಿಚ್ಚಲು ಓಡಿದ. ದಡದವರು ಅವನನ್ನು ಹಿಡಿದು ನಿಲ್ಲಿಸಿದರು. ಗಾಳಿ ಎದುರಾಗಿತ್ತು. ಅದು ತಿರುಗುವವರೆಗೆ ದಕ್ಷಿಣಕ್ಕೆ ದಾರಿಯಿರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. “ಆ ಮಾತು ‘ತಾಳಲಾರೆ’ ಎಂಬ ಬೇರಿನಿಂದ ಹುಟ್ಟಿತು ಎನ್ನುವ ಹಿರಿಯರೂ ಇದ್ದಾರೆ,” ಎಂದರು.

“ಆದರೆ ಈ ಕತೆಯಲ್ಲಿ ಅಕ್ಕರೆಯೆಂಬುದೇ ನಿಜವಾದ ಅರ್ಥ. ದುಃಖವೆಂದು ತಿಳಿದದ್ದು ನಾವಿಕನ ತಪ್ಪು,” ಎಂದ ಶಿಷ್ಯ.

“ದಕ್ಷಿಣಕ್ಕೆ ಮುಖಮಾಡಿ ದಡದಲ್ಲಿ ಕುಳಿತ ನಾವಿಕನ ಬಾಯಲ್ಲೂ ಆಗ ಅದೇ ಮಾತು ಬಂತು. ಯಾವ ಅರ್ಥದಲ್ಲಿ ಬಂತು, ನೀನೇ ಹೇಳು,” ಎಂದರು ಗುರುಗಳು.